ಹಳೆಯ ಕಡತ, ಹೊಸ ಆವೃತ್ತಿ

ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಎಂಬ ಊರಿನ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಶಾಲೆಯ ಹುಡುಗನು ಕ, ಳ್ಳಂ, ಬೆ, ಳ್ಳ ಎಂದು ಬೆರಳು ಮಡಿಸಿ ನಾಲ್ಕು ಎನ್ನುವನು. ಪೈಥಾನ್ ಎಂಬ ಗಣಕಭಾಷೆಯ ಮೂರನೆಯ ಆವೃತ್ತಿಯನ್ನು ಕೇಳಿದರೆ ಅದು 10 ಎನ್ನುತ್ತದೆ. ಅದೇ ಭಾಷೆಯ ಎರಡನೆಯ ಆವೃತ್ತಿಯು ಸಾಮಾನ್ಯವಾಗಿ 30 ಎನ್ನುತ್ತಿದ್ದಿತು. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಯೂನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯಲ್ಲಿ ಒಂದೊಂದು ಮೂಲಾಕ್ಷರಕ್ಕೂ ಒಂದೊಂದು ಚಿಹ್ನೆಗೂ ಪ್ರತ್ಯೇಕ ಸಂಖ್ಯೆಯುಂಟು. ಳಕಾರದ ಒತ್ತೊಂದನ್ನು ಬರೆಯಲು ಳ, ವಿರಾಮಚಿಹ್ನೆ, ಮತ್ತೆ ಳ ಎಂದು ಮೂರು ಸಂಖ್ಯೆಗಳು ಬೇಕಾಗುವುದರಿಂದ ಊರಿನ ಹೆಸರಿಗೆ ಹತ್ತಾಗುತ್ತದೆ. ಯುಟಿಎಫ್-8 ಎಂಬ ರೂಪದಲ್ಲಿ ಇವುಗಳಲ್ಲಿ ಒಂದೊಂದಕ್ಕೂ ಮೂರು ಬೈಟುಗಳು ಹಿಡಿಯುವುದರಿಂದ ಮೂವತ್ತಾಗುತ್ತದೆ. ಹಳೆಯ ಪೈಥಾನ್ ಬೈಟುಗಳನ್ನು ಎಣಿಸುತ್ತಿದ್ದಿತು. ಹೊಸದು ಸಂಕೇತಗಳನ್ನು ಎಣಿಸುತ್ತದೆ.

ಈ ವ್ಯತ್ಯಾಸವು ನಮ್ಮ ಅನುಭವಕ್ಕೆ ಬಂದದ್ದು ಕಾಲೇಜಿನ ಪ್ರಯೋಗಶಾಲೆಯ ಗಣಕಯಂತ್ರಗಳಿಗೆ ಲಿನಕ್ಸಿನ ಹೊಸ ಆವೃತ್ತಿಯನ್ನು ಹಾಕಿದ ದಿನ. ವಿದ್ಯಾರ್ಥಿಗಳ ಹೆಸರು, ಊರುಗಳನ್ನು ಸಾಲಾಗಿ ಮುದ್ರಿಸಿ, ಅವರ ಲೋಲಕದ ಪ್ರಯೋಗದ ಅಳತೆಗಳನ್ನು ಪಟ್ಟಿಮಾಡುವ ಒಂದು ಸಣ್ಣ ಪ್ರೋಗ್ರಾಮನ್ನು ಹಿಂದಿನ ವಿದ್ಯಾರ್ಥಿಯೊಬ್ಬನು ಬರೆದಿಟ್ಟಿದ್ದನು. ಅದು ಮೊದಲನೆಯ ಮುದ್ರಣಾಜ್ಞೆಯಲ್ಲಿಯೇ ನಿಂತಿತು. ಹೊಸ ಭಾಷೆಯಲ್ಲಿ ಆ ಆಜ್ಞೆಗೆ ಆವರಣ ಚಿಹ್ನೆಗಳು ಕಡ್ಡಾಯವಾಗಿದ್ದುವು. ಅದನ್ನು ಸರಿಪಡಿಸಿದ ಮೇಲೆ ಪಟ್ಟಿಯ ಸಾಲುಗಳು ಅಡ್ಡಾದಿಡ್ಡಿಯಾದುವು; ಏಕೆಂದರೆ ಊರಿನ ಹೆಸರಿನ ಉದ್ದ ಮೂವತ್ತರಿಂದ ಹತ್ತಕ್ಕಿಳಿದಿದ್ದಿತು. ಅರ್ಧ ದಿನ ಹೋಯಿತು, ಸಿಟ್ಟೂ ಬಂದಿತು. ಆದರೂ ಆಲೋಚಿಸಿದಾಗ ನಮಗೆ ತೋರಿದ್ದೆಂದರೆ, ಪೈಥಾನಿನವರು ಮಾಡಿದ್ದು ತಪ್ಪಲ್ಲ, ಮಾಡಿದ ರೀತಿ ಮಾತ್ರ ಬಹಳ ದುಬಾರಿಯಾಯಿತು ಎಂಬುದು.

ಮುಕ್ತ ತಂತ್ರಾಂಶವೆಂದರೆ ಅದರ ಮೂಲಲಿಪಿಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹೀಗೆ ಅನೇಕರು ತಿದ್ದಿದುದನ್ನು ಆಗಾಗ ಒಟ್ಟುಗೂಡಿಸಿ, ಪರೀಕ್ಷಿಸಿ, ಸಂಖ್ಯೆ ಕೊಟ್ಟು ಹೊರಡಿಸುವುದೇ ಬಿಡುಗಡೆ. ಅನೇಕ ತಂತ್ರಾಂಶಗಳ ಆವೃತ್ತಿಯಲ್ಲಿ ಮೂರು ಸಂಖ್ಯೆಗಳಿರುತ್ತವೆ. ಕೊನೆಯದು ಹೆಚ್ಚಿದರೆ ದೋಷ ತಿದ್ದಿದೆ, ನಡುವಿನದು ಹೆಚ್ಚಿದರೆ ಹೊಸ ಸೌಲಭ್ಯ ಸೇರಿದೆ, ಮೊದಲನೆಯದು ಹೆಚ್ಚಿದರೆ ಹಳೆಯದರೊಡನೆ ಹೊಂದಾಣಿಕೆ ಮುರಿದಿದೆ ಎಂದು ತಿಳಿಯತಕ್ಕದ್ದು. ಪೈಥಾನ್ 3.0 ಹೊರಬಂದದ್ದು 2008ರ ಡಿಸೆಂಬರಿನಲ್ಲಿ. ಹಳೆಯ ಪೈಥಾನಿಗೆ ಆಶ್ರಯ ನಿಂತದ್ದು 2020ರ ಜನವರಿ 1ರಂದು. ಮೊದಲು 2015 ಎಂದಿದ್ದ ಗಡುವನ್ನು ಐದು ವರ್ಷ ಮುಂದೂಡಬೇಕಾಯಿತು. ಈ ನಡುವೆ, ಕೈಬಿಟ್ಟಿದ್ದ ಒಂದು ಹಳೆಯ ಬರೆವಣಿಗೆಯ ಕ್ರಮವನ್ನು 2012ರ 3.3ನೆಯ ಆವೃತ್ತಿಯಲ್ಲಿ ಮತ್ತೆ ಒಪ್ಪಿಕೊಂಡರು. ಯೂನಿಕೋಡ್ ಪಠ್ಯವೆಂದು ಸೂಚಿಸಲು ಉದ್ಧರಣ ಚಿಹ್ನೆಯ ಹಿಂದೆ ಯು ಎಂಬ ರೋಮನ್ ಅಕ್ಷರವನ್ನಿಡುವ ಕ್ರಮವದು. ಅದನ್ನು ಒಪ್ಪಿದ್ದರಿಂದ ಒಂದೇ ಪ್ರೋಗ್ರಾಮನ್ನು ಎರಡು ಆವೃತ್ತಿಗಳಲ್ಲಿಯೂ ನಡೆಸುವುದು ಸುಲಭವಾಯಿತು. ಮೊದಲೇ ಈ ಔದಾರ್ಯವನ್ನು ತೋರಿದ್ದರೆ ಎಷ್ಟೋ ಜನರ ಶ್ರಮ ಉಳಿಯುತ್ತಿದ್ದಿತಲ್ಲವೆ?

ಇಲ್ಲಿ ಒಂದು ಭೇದವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕೆಟ್ಟುಹೋದದ್ದು ಪ್ರೋಗ್ರಾಮು, ಪಟ್ಟಿಯೊಳಗಿನ ಹೆಸರುಗಳು ಕೆಡಲಿಲ್ಲ. ಕಳ್ಳಂಬೆಳ್ಳದ ಮೂವತ್ತು ಬೈಟುಗಳು ಇದ್ದಲ್ಲಿಯೇ ಇದ್ದುವು. ಪ್ರೋಗ್ರಾಮನ್ನು ತಿದ್ದಲು ಅದನ್ನು ಬಲ್ಲವನೊಬ್ಬನು ಸಾಕು. ಬರೆದಿಟ್ಟ ಪಠ್ಯವೇ ಓದಲಾರದಂತಾದರೆ ಅದನ್ನು ಬರೆದವರೆಲ್ಲರನ್ನೂ ಎಲ್ಲಿಂದ ಕರೆತರುವುದು? ಆದುದರಿಂದ, ತಂತ್ರಾಂಶದ ನಡವಳಿಕೆಯನ್ನು ಕಾರಣವಿದ್ದರೆ ಬದಲಿಸಬಹುದು, ಹಳೆಯ ಕಡತವನ್ನು ಓದುವ ಶಕ್ತಿಯನ್ನು ಮಾತ್ರ ಎಂದಿಗೂ ಬಿಡಕೂಡದು ಎಂಬುದು ನಮ್ಮ ಅಭಿಪ್ರಾಯ.

ಕಳ್ಳಂಬೆಳ್ಳದ ಕೆರೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆಯ ಹೂಳೆತ್ತಬಹುದು, ಏರಿಯನ್ನು ಬಲಪಡಿಸಬಹುದು, ಈಗ ಆಗಿರುವಂತೆ ದೂರದ ಹೇಮಾವತಿಯ ನೀರನ್ನು ನಾಲೆಯಲ್ಲಿ ತಂದು ತುಂಬಿಸಿ ಶಿರಾ ಕೆರೆಗೂ ಹರಿಸಬಹುದು. ಆದರೆ ತೂಬಿನ ಮಟ್ಟವನ್ನು ಮನಬಂದಂತೆ ಏರಿಸಿದರೆ ಅಚ್ಚುಕಟ್ಟಿನ ರೈತನಿಗೆ ಕೆರೆ ತುಂಬಿದ್ದರೂ ನೀರಿಲ್ಲ.

ಈ ವಿಷಯದಲ್ಲಿ ಕನ್ನಡಿಗರಾದ ನಾವು ಪಟ್ಟ ಪಾಡು ಸಣ್ಣದಲ್ಲ. ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡಕ್ಕೆ ಸ್ಥಾನ ದೊರಕಿದ್ದಿತು. ಆದರೂ ಅನೇಕ ವರ್ಷಗಳ ಕಾಲ ನಮ್ಮ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಬಳಕೆಯಲ್ಲಿದ್ದುವು ಬೇರೆ ಫಾಂಟುಗಳು. ಇವುಗಳಲ್ಲಿ ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಲಾಗಿದ್ದಿತು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅಂಥ ಕಡತವನ್ನು ತೆರೆದರೆ ರೋಮನ್ ಅಕ್ಷರಗಳ ಕಸದ ರಾಶಿ ಕಾಣುತ್ತದೆ. ನಮ್ಮ ವಿಭಾಗದ ಹಳೆಯ ಪ್ರಶ್ನಪತ್ರಿಕೆಗಳೂ ಹೀಗೆಯೇ ಇದ್ದುವು. ಪರಿವರ್ತಕ ತಂತ್ರಾಂಶಗಳು ಇವೆಯಾದರೂ ಅವುಗಳ ಕೆಲಸ ಸುಲಭವಲ್ಲ. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವುದು ಯಕಾರದ ನಂತರ. ಹಳೆಯ ಫಾಂಟು ಅದನ್ನು ಹಾಗೆಯೇ ಬರೆದಿಡುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರೇಫವು ಮೊದಲು ಬರಬೇಕು. ಪರಿವರ್ತಕವು ಅದನ್ನು ಪ್ರತಿ ಸಲವೂ ಹಿಡಿದು ಹಿಂದಕ್ಕೆ ತರಬೇಕು.

ಯೂನಿಕೋಡಿಗೆ ಬಂದ ಮೇಲೂ ತೊಡಕು ತೀರಲಿಲ್ಲ. ‘ರ‍್ಯಾಂಕ್’ ಎಂಬ ಪದವನ್ನು ವಾಚಕರು ನೋಡಿರುವರು. ಇಲ್ಲಿ ಅರ್ಕಾವತ್ತು ಬರದೆ ಪೂರ್ಣ ರಕಾರವೇ ನಿಂತು ಯಕಾರವು ಒತ್ತಾಗಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣಚಿಹ್ನೆಯನ್ನು ಇಡಬೇಕು. ಹಳೆಯ ರೂಢಿಯಲ್ಲಿ ಅದನ್ನು ವಿರಾಮಚಿಹ್ನೆಯ ನಂತರ ಇಡುತ್ತಿದ್ದರು. ಈಗಿನ ಕ್ರಮದಲ್ಲಿ ಅದು ವಿರಾಮಚಿಹ್ನೆಗೆ ಮುಂಚೆ ಬರಬೇಕು. ಹಳೆಯ ರೂಢಿಯಂತೆ ಬರೆದ ಪಠ್ಯದ ಗತಿಯೇನು? ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶದವರು ಇದಕ್ಕೆ ಕೊಟ್ಟ ಉತ್ತರ ನಮಗೆ ಬಹಳ ಮೆಚ್ಚುಗೆಯಾಗಿದೆ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್, ಆಂಡ್ರಾಯ್ಡ್ ಫೋನುಗಳು ಇವೆಲ್ಲವೂ ಅಕ್ಷರ ಜೋಡಿಸಲು ಅದನ್ನೇ ನಂಬಿವೆ. ಅದರ ಮೂಲಲಿಪಿಯಲ್ಲಿ ಕನ್ನಡಕ್ಕೆಂದೇ ಕೆಲವು ಸಾಲುಗಳಿವೆ. ಹಳೆಯ ಕ್ರಮ ಕಂಡರೆ ಒಳಗೊಳಗೇ ಹೊಸ ಕ್ರಮಕ್ಕೆ ಅದಲುಬದಲು ಮಾಡಿ ತೋರಿಸು ಎಂಬುದೇ ಅವುಗಳ ಅರ್ಥ. ಹಳೆಯ ಬಳಕೆಯೊಡನೆ ಹೊಂದಿಕೆಗಾಗಿ ಎಂಬ ಟಿಪ್ಪಣಿಯೂ ಪಕ್ಕದಲ್ಲಿದೆ. ಬರೆದವನ ಕಡತವನ್ನು ಮುಟ್ಟಿಲ್ಲ. ಅವನಿಗೆ ಬುದ್ಧಿಯನ್ನೂ ಹೇಳಿಲ್ಲ.

ಯೂನಿಕೋಡಿನವರೂ ಈ ಪಾಠವನ್ನು ಕೆಟ್ಟೇ ಕಲಿತರು. 1996ರ ಎರಡನೆಯ ಆವೃತ್ತಿಯಲ್ಲಿ ಕೊರಿಯದ ಲಿಪಿಯ ಸಂಕೇತಗಳನ್ನು ಹಳೆಯ ಜಾಗದಿಂದ ಕಿತ್ತು ಬೇರೆಡೆಗೆ ಒಯ್ದರು. ಅದುವರೆಗಿನ ಪಠ್ಯಕ್ಕೂ ಹೊಸ ತಂತ್ರಾಂಶಕ್ಕೂ ಸಂಬಂಧ ತಪ್ಪಿತು. ಅಲ್ಲಿಂದ ಮುಂದೆ ಒಮ್ಮೆ ಕೊಟ್ಟ ಸಂಕೇತವನ್ನಾಗಲಿ ಹೆಸರನ್ನಾಗಲಿ ಬದಲಿಸುವುದಿಲ್ಲವೆಂಬ ನಿಯಮ ನಡೆದುಬಂದಿದೆ. ಇದರ ವಿನೋದವಾದ ಫಲವೊಂದು ಕನ್ನಡದ ಪಾಲಿಗೂ ಬಂದಿದೆ. ಮೞೆ, ಬಾೞೆ ಎಂಬ ಹಳಗನ್ನಡ ರೂಪಗಳಲ್ಲಿರುವ ೞ ಎಂಬ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಇಂಗ್ಲಿಷಿನ ಎಫ್ ಧ್ವನಿಯನ್ನು ಸೂಚಿಸುವ ಹೆಸರು ಬಿದ್ದಿದೆ! ತಪ್ಪೆಂದು ಎಲ್ಲರೂ ಒಪ್ಪುತ್ತಾರೆ. ಆದರೂ ಆ ಹೆಸರನ್ನೇ ನೆಚ್ಚಿ ಬರೆದ ಪ್ರೋಗ್ರಾಮುಗಳು ಕೆಡಬಾರದೆಂದು ಅದನ್ನು ಹಾಗೆಯೇ ಬಿಟ್ಟು, ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿದ್ದಾರೆ. ಪಂಪನ ಕಾಲದ ಅಕ್ಷರಕ್ಕೆ ಇಂಥ ನಾಮಕರಣವೇ ಎಂದು ಹಳಗನ್ನಡದ ಮೇಷ್ಟರಿಗೆ ಕೋಪ ಬಂದರೆ ಆಶ್ಚರ್ಯವಿಲ್ಲ. ನಾವು ಯೂನಿಕೋಡಿನವರ ಪಕ್ಷ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹೊಸ ನೀತಿಯೇನೂ ಅಲ್ಲ. 2019ರ ಮೇ 20ರಂದು ಕಿಲೋಗ್ರಾಮಿನ ವ್ಯಾಖ್ಯೆಯೇ ಬದಲಾಯಿತು. ಪ್ಯಾರಿಸಿನ ಬಳಿ ಇಟ್ಟಿದ್ದ ಪ್ಲಾಟಿನಂ-ಇರಿಡಿಯಂ ಉರುಳೆಯನ್ನು ಬಿಟ್ಟು ಪ್ಲ್ಯಾಂಕನ ಸ್ಥಿರಾಂಕವನ್ನು ಆಧಾರವಾಗಿ ಹಿಡಿದರು. ಶಿರಾ ಸಂತೆಯಲ್ಲಿ ಯಾವ ವ್ಯಾಪಾರಿಯೂ ತೂಕದ ಬಟ್ಟನ್ನು ಎಸೆಯಬೇಕಾಗಲಿಲ್ಲ. ಏಕೆಂದರೆ ಹೊಸ ಅಂಕಿಯನ್ನು ಹಳೆಯ ತೂಕಕ್ಕೆ ಸರಿಹೊಂದುವಂತೆಯೇ ಆರಿಸಲಾಗಿದ್ದಿತು.

ಇದಕ್ಕೆ ಪ್ರತಿಯಾಗಿ ಹೇಳುವವರ ಮಾತಿನಲ್ಲಿಯೂ ಹುರುಳಿದೆ. ಮುಕ್ತ ತಂತ್ರಾಂಶಗಳನ್ನು ಬರೆಯುವವರಲ್ಲಿ ಅನೇಕರು ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ದುಡಿಯುವವರು. ಹಳೆಯದಕ್ಕೆಂದು ಸೇರಿಸಿದ ಒಂದೊಂದು ಸಾಲನ್ನೂ ಪ್ರತಿ ಬಿಡುಗಡೆಯಲ್ಲಿ ಮತ್ತೆ ಪರೀಕ್ಷಿಸಬೇಕು. ಹಳೆಯ ದಾರಿಗಳಲ್ಲಿ ಭದ್ರತೆಯ ದೋಷಗಳೂ ಅಡಗಿರುತ್ತವೆ. ಮೂಲಲಿಪಿ ಮುಕ್ತವಾಗಿಯೇ ಇದೆ, ಹಳೆಯದು ಬೇಕಾದವರು ಹಳೆಯದನ್ನೇ ಕಾಪಾಡಿಕೊಳ್ಳಲಿ ಎಂದು ಕೆಲವರು ಹೇಳುವುದುಂಟು. ಈ ಕೊನೆಯ ಮಾತನ್ನು ನಾವು ಒಪ್ಪಲಾರೆವು. ಹಳ್ಳಿಯ ಪ್ರೌಢಶಾಲೆಯ ಗುಮಾಸ್ತನು ಮೂಲಲಿಪಿಯನ್ನು ತಿದ್ದಿಕೊಳ್ಳಬಲ್ಲನೆ? ಉಳಿದ ಮಾತು ನಿಜ. ಆದುದರಿಂದಲೇ ಎಲ್ಲವನ್ನೂ ಉಳಿಸಿರೆಂದು ನಾವು ಕೇಳುತ್ತಿಲ್ಲ. ಹಳೆಯ ಆಜ್ಞೆಯೊಂದನ್ನು ಕೈಬಿಡುವುದಾದರೆ ಒಂದೆರಡು ಬಿಡುಗಡೆಗಳಿಗೆ ಮೊದಲೇ ಎಚ್ಚರಿಕೆ ಕೊಟ್ಟು, ದಿನ ಗೊತ್ತುಮಾಡಿ, ಪರಿವರ್ತಕವನ್ನು ಜೊತೆಯಲ್ಲಿಯೇ ಕೊಟ್ಟು ಕೈಬಿಡಲಿ. ಹಳೆಯ ರೂಪದಲ್ಲಿ ಬರೆಯುವುದನ್ನು ನಿಲ್ಲಿಸಲಿ, ಓದುವುದನ್ನು ನಿಲ್ಲಿಸದಿರಲಿ. ನಮ್ಮ ಶಾಲೆಗಳೂ ಪರೀಕ್ಷೆಯ ತಿಂಗಳಲ್ಲಿ ತಂತ್ರಾಂಶವನ್ನು ಬದಲಿಸುವ ಚಪಲವನ್ನು ಬಿಡಬೇಕು. ಉಬುಂಟುವಿನಂಥ ಲಿನಕ್ಸ್ ಎರಡು ವರ್ಷಕ್ಕೊಮ್ಮೆ ಐದು ವರ್ಷಗಳ ಆಶ್ರಯವುಳ್ಳ ಆವೃತ್ತಿಯನ್ನು ಹೊರಡಿಸುತ್ತಿರುವಾಗ ಆತುರಕ್ಕೆ ಕಾರಣವೇ ಇಲ್ಲ.

ಬಿಡುಗಡೆಗೆ ಮುನ್ನ ಸಾಮಾನ್ಯವಾಗಿ ಪರೀಕ್ಷಾರ್ಥವಾದ ಆವೃತ್ತಿಯೊಂದು ಹೊರಬೀಳುತ್ತದೆ. ಅದನ್ನು ಪಡೆದು, ಮನೆಯಲ್ಲಿಯೋ ಕಾಲೇಜಿನಲ್ಲಿಯೋ ಇರುವ ಅತ್ಯಂತ ಹಳೆಯ ಕನ್ನಡ ಕಡತವನ್ನು ತೆರೆದು ನೋಡುವುದಕ್ಕೆ ಪದವಿಯೇನೂ ಬೇಕಿಲ್ಲ. ಅಕ್ಷರ ಕೆಟ್ಟಿದ್ದರೆ ಯಾವ ಪದ, ಯಾವ ಆವೃತ್ತಿ, ಹೇಗೆ ಕಾಣಬೇಕಾಗಿದ್ದಿತು ಎಂಬ ಮೂರು ಸಂಗತಿಗಳನ್ನು ಬರೆದು ಕಳುಹಿಸಿದರೆ ಸಾಕು. ನಮ್ಮ ಎರಡನೆಯ ವರ್ಷದ ವಿದ್ಯಾರ್ಥಿಗಳು ಈ ಸಲ ಆ ಹಳೆಯ ಪ್ರಶ್ನಪತ್ರಿಕೆಗಳಿಂದಲೇ ಮೊದಲುಮಾಡಿದ್ದಾರೆ.