ಪೆಟ್ರೋಲಿನ ಮುಳ್ಳನ್ನು ಎಷ್ಟು ನಂಬಬೇಕು?

ಈ ವರ್ಷದ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಕನ್ನಡ ಶಿಕ್ಷಕನಾದ ನನ್ನಿಂದ ಅವರು ಕಾವ್ಯವನ್ನೋ ವ್ಯಾಕರಣವನ್ನೋ ಕುರಿತ ನಾಲ್ಕು ಮಾತುಗಳನ್ನು ನಿರೀಕ್ಷಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ಸಲ ನಾನು ಬರೆಯಹೊರಟಿರುವುದು, ಮೋಟಾರು ಗಾಡಿಯಲ್ಲಿ ಪೆಟ್ರೋಲು ಎಷ್ಟು ಉಳಿದಿದೆಯೆಂದು ತೋರಿಸುವ ಸಣ್ಣದೊಂದು ಮುಳ್ಳಿನ ವಿಷಯ. ನನಗೆ ಸ್ವಂತ ಗಾಡಿಯಿಲ್ಲ. ವಿಕ್ರೋಳಿ ನಿಲ್ದಾಣದಿಂದ ಶಾಲೆಗೆ ನಡೆದೇ ಬರುವವನು. ಯಂತ್ರಶಾಸ್ತ್ರವನ್ನು ಓದಿದವನೂ ಅಲ್ಲ. ವಿಜಯಪುರ ಜಿಲ್ಲೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕಲಿತ ಗಣಿತವೇ ನನ್ನ ಬಂಡವಾಳ. ಆದರೂ ಆ ಮುಳ್ಳಿನ ದೆಸೆಯಿಂದ ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆ ಕಳ್ಳನೆನಿಸಿಕೊಳ್ಳುವ ಪ್ರಸಂಗ ಒದಗಿದುದರಿಂದ, ಆ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಹೇಳುವುದು ಕರ್ತವ್ಯವೆಂದು ತಿಳಿದಿದ್ದೇನೆ.

ಆತ ನಮ್ಮ ಕಡೆಯವರೇ. ಹತ್ತು ವರ್ಷಗಳಿಂದ ಮುಂಬಯಿಯಲ್ಲಿ ಖಾಸಗಿ ಗಾಡಿಗಳನ್ನು ನಡೆಸಿ ಸಂಸಾರ ಸಾಗಿಸುತ್ತಿದ್ದಾರೆ. ಅವರ ಯಜಮಾನರು ಹೊಸದಾಗಿ ಕೊಂಡದ್ದು ಹೈಬ್ರಿಡ್ ಗಾಡಿ. ಅಂದರೆ ಪೆಟ್ರೋಲಿನ ಎಂಜಿನ್ನೂ ವಿದ್ಯುತ್ತಿನ ಮೋಟಾರೂ ಜೊತೆಗೂಡಿ ಎಳೆಯುವ ಬಗೆಯದು. ಒಂದು ಶನಿವಾರ ರಾತ್ರಿ ಯಜಮಾನರ ಎದುರಿನಲ್ಲಿಯೇ 45 ಲೀಟರಿನ ಟ್ಯಾಂಕನ್ನು ಭರ್ತಿ ಮಾಡಿಸಲಾಯಿತು. ಇನ್ನು 940 ಕಿಲೋಮೀಟರು ಹೋಗಬಹುದೆಂದು ಗಾಡಿಯ ಫಲಕ ತೋರಿಸಿತು. ಮರುದಿನ ಪುಣೆಗೆ ಹೋಗಿ ಬಂದದ್ದು, ಅಲ್ಲಿ ಸುತ್ತಿದ್ದು, ಎಲ್ಲ ಸೇರಿ 320 ಕಿಲೋಮೀಟರು. ಹಾಗಾದರೆ ಫಲಕದಲ್ಲಿ 620 ಉಳಿಯಬೇಕು. ಉಳಿದದ್ದು 430! ‘190 ಕಿಲೋಮೀಟರಿನ ಪೆಟ್ರೋಲು ಎಲ್ಲಿ ಹೋಯಿತು? ಲೆಕ್ಕ ಹಾಕಿದರೆ ಒಂಬತ್ತು ಲೀಟರು. ನಾನು ಸಭೆಯಲ್ಲಿದ್ದ ಮೂರು ಗಂಟೆ ಗಾಡಿ ನಿನ್ನ ಕೈಯಲ್ಲೇ ಇತ್ತಲ್ಲ’ ಎಂದು ಯಜಮಾನರು ಕೇಳಿದರು. ಅಷ್ಟು ಹಣವನ್ನು ಸಂಬಳದಲ್ಲಿ ಮುರಿಯುವುದಾಗಿಯೂ, ಇನ್ನೊಮ್ಮೆ ಹೀಗಾದರೆ ಬೇರೆ ಕೆಲಸ ನೋಡಿಕೊಳ್ಳಬೇಕೆಂದೂ ಹೇಳಿದರು.

ಸೋಮವಾರ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡಲು ಬಂದವರು ನನ್ನ ಮುಂದೆ ನಿಂತು, “ಗುರುಗಳ, ಹೊಟ್ಟಿಪಾಡಿಗೆ ಊರು ಬಿಟ್ಟು ಬಂದೀನ್ರಿ, ಕಳವು ಮಾಡಾಕ ಬಂದಿಲ್ರಿ. ಒಂದು ಹನಿ ಮುಟ್ಟಿಲ್ರಿ” ಎಂದರು. ಆ ಮಾತನ್ನು ನಂಬಲು ನನಗೆ ಯಾವ ಗಣಿತವೂ ಬೇಕಾಗಿರಲಿಲ್ಲ. ಆದರೆ ಯಜಮಾನರಿಗೆ ನಂಬಿಕೆ ಬರಿಸಬೇಕಾದರೆ ಗಣಿತವೇ ಬೇಕು. ಆದ್ದರಿಂದ ಆ ಮುಳ್ಳು ಮಾತನಾಡುವ ಬಗೆ ಯಾವುದೆಂದು ತಿಳಿದುಕೊಳ್ಳಲು ತೊಡಗಿದೆ.

ಟ್ಯಾಂಕಿನೊಳಗೆ ತೇಲುವ ಗುಂಡೊಂದಿದೆ. ಅದಕ್ಕೊಂದು ಸಣ್ಣ ತೋಳು. ಪೆಟ್ರೋಲಿನ ಮಟ್ಟ ಇಳಿದಂತೆ ಗುಂಡೂ ಇಳಿಯುತ್ತದೆ; ತೋಳು ಸರಿದಂತೆ ವಿದ್ಯುತ್ತಿನ ತಡೆ ಬದಲಾಗುತ್ತದೆ; ಆ ಬದಲಾವಣೆಯೇ ಚಾಲಕನ ಮುಂದೆ ಮುಳ್ಳಾಗಿಯೋ ಗೆರೆಗಳಾಗಿಯೋ ಕಾಣುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅದು ಅಳೆಯುವುದು ಎತ್ತರವನ್ನೇ ಹೊರತು ಲೀಟರುಗಳನ್ನಲ್ಲ. ಬಿಂದಿಗೆಯಲ್ಲಿ ಕುತ್ತಿಗೆಯ ಬಳಿಯ ಒಂದು ಅಂಗುಲ ನೀರೂ ಹೊಟ್ಟೆಯ ಬಳಿಯ ಒಂದು ಅಂಗುಲ ನೀರೂ ಸಮನಲ್ಲವೆಂಬುದು ಮನೆಯವರೆಲ್ಲರಿಗೂ ಗೊತ್ತು. ಹಿಂದಿನ ಆಸನದ ಕೆಳಗೆ ಸಿಕ್ಕ ಸ್ಥಳದಲ್ಲಿ ಅಡಗಿಸಿಡುವ ಗಾಡಿಯ ಟ್ಯಾಂಕು ಬಿಂದಿಗೆಗಿಂತಲೂ ವಕ್ರವಾದ ಆಕಾರದ್ದು. ಭರ್ತಿ ಮಾಡಿದ ಮೇಲೆ ಗುಂಡು ಮೇಲ್ಛಾವಣಿಗೆ ತಾಗಿ ನಿಂತಿರುವುದರಿಂದ ಮುಳ್ಳು ಬಹಳ ಹೊತ್ತು ಅಲುಗುವುದೇ ಇಲ್ಲ. ತಳದಲ್ಲಿ ಮುಳ್ಳು ಸೊನ್ನೆಗೆ ಬಂದ ಮೇಲೂ ಸ್ವಲ್ಪ ಪೆಟ್ರೋಲು ಉಳಿದಿರುವಂತೆ ತಯಾರಕರೇ ಏರ್ಪಡಿಸಿರುತ್ತಾರೆ. ಇಳಿಜಾರಿನಲ್ಲಿ ಗಾಡಿ ನಿಂತರೆ ಒಂದು ಮಾತು, ಸಮತಟ್ಟಿನಲ್ಲಿ ನಿಂತರೆ ಇನ್ನೊಂದು. ಬಿಸಿಲಿನ ಪಾಲೂ ಉಂಟು: ಉಷ್ಣತೆ 15 ಡಿಗ್ರಿ ಏರಿದರೆ 40 ಲೀಟರು ಪೆಟ್ರೋಲು ಅರ್ಧ ಲೀಟರಿಗಿಂತ ತುಸು ಹೆಚ್ಚಾಗಿಯೇ ಉಬ್ಬುತ್ತದೆ.

ಇವು ಎಲ್ಲ ಗಾಡಿಗಳ ಗುಣಗಳು. ನಮ್ಮ ನೆರೆಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳನ್ನು ಮುಂಬಯಿ ಮರೆಯುವಂತಿಲ್ಲ. ಅವುಗಳಲ್ಲಿ ಕೊನೆಯದಾಗಿ 2003ರಲ್ಲಿ ನೋಂದಣಿಯಾದ ಗಾಡಿಯ ಇಪ್ಪತ್ತು ವರ್ಷಗಳ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಆ ಟ್ಯಾಕ್ಸಿಯನ್ನು ನಡೆಸಿದ ನಮ್ಮ ಚಾಳಿನ ಹಿರಿಯರೊಬ್ಬರು, ತಾವು ಎಂದೂ ಮುಳ್ಳನ್ನು ನಂಬಿದವರಲ್ಲವೆಂದೂ, ಕಿಲೋಮೀಟರನ್ನು ಎಣಿಸಿಯೇ ಪಂಪಿಗೆ ಹೋಗುತ್ತಿದ್ದುದಾಗಿಯೂ ಹೇಳುತ್ತಾರೆ. ಮುಳ್ಳು ಒರಟಾಗಿದ್ದುದರಿಂದ ಅಂದು ಯಾರೂ ಅದನ್ನು ಪ್ರಮಾಣವೆಂದು ಭಾವಿಸಲಿಲ್ಲ. ಇಂದಿನ ಫಲಕವಾದರೋ ‘620’ ‘430’ ಎಂದು ಬಿಡಿ ಅಂಕಿಗಳಲ್ಲಿ ನುಡಿಯುತ್ತದೆ. ಅಂಕಿ ಸ್ಪಷ್ಟವಾಗಿದ್ದಷ್ಟಕ್ಕೆ ಅದು ಸತ್ಯವೆಂದು ನಾವು ಮೋಸಹೋಗುತ್ತೇವೆ.

ಇನ್ನು ಹೈಬ್ರಿಡ್ ಗಾಡಿಯ ವಿಶೇಷಕ್ಕೆ ಬರೋಣ. ಜಪಾನಿನಲ್ಲಿ 1997ರಲ್ಲಿ ಟೊಯೋಟಾದವರ ಪ್ರಿಯಸ್ ಮಾರಾಟಕ್ಕೆ ಬಂದಂದಿನಿಂದ ಈ ಬಗೆಯ ಗಾಡಿಗಳು ಲೋಕದಲ್ಲಿ ಹರಡಿವೆ. ನಮ್ಮ ಕರ್ನಾಟಕದ ಬಿಡದಿಯಲ್ಲಿಯೂ ಈಗ ತಯಾರಾಗುತ್ತಿವೆ. ಅಮೇರಿಕಾದಲ್ಲಿ ಮಾರಿದ ಹಳೆಯ ಪ್ರಿಯಸ್ ಗಾಡಿಗಳಲ್ಲಿ ಪೆಟ್ರೋಲಿನ ಆವಿ ಹೊರಹೋಗದಿರಲೆಂದು ಟ್ಯಾಂಕಿನೊಳಗೆ ಮಣಿಯುವ ಚೀಲವೊಂದನ್ನು ಇಟ್ಟಿದ್ದರು. ಚಳಿಗಾಲದಲ್ಲಿ ಚೀಲ ಬಿರುಸಾಗಿ ಕಡಿಮೆ ಪೆಟ್ರೋಲನ್ನು ಹಿಡಿಯುತ್ತಿತ್ತು. ಟ್ಯಾಂಕಿನ ಅಳತೆಯೇ ಹೀಗೆ ಬದಲಾದ ಮೇಲೆ ಮುಳ್ಳು ನಿಜವನ್ನು ಹೇಳುವುದೆಂತು?

ನಮ್ಮಲ್ಲಿ ಚಳಿಯ ತೊಂದರೆಯಿಲ್ಲ; ತೊಂದರೆಯಿರುವುದು ಫಲಕದ ಊಹೆಯಲ್ಲಿ. ‘ಇನ್ನು ಇಷ್ಟು ದೂರ ಹೋಗಬಹುದು’ ಎಂಬ ಅಂಕಿ ಅಳತೆಯಲ್ಲ, ಗುಣಾಕಾರ. ಉಳಿದಿರುವ ಲೀಟರುಗಳನ್ನು, ಗಾಡಿ ಇತ್ತೀಚೆಗೆ ಲೀಟರಿಗೆ ಎಷ್ಟು ಓಡಿತೋ ಅದರಿಂದ ಗುಣಿಸಿದರೆ ಬರುವ ಫಲವದು. ಸಾಮಾನ್ಯ ಗಾಡಿ ಊರೊಳಗಿನ ನೂಕುನುಗ್ಗಲಿನಲ್ಲಿ ಹೆಚ್ಚು ಪೆಟ್ರೋಲನ್ನು ಕುಡಿಯುತ್ತದೆ. ಹೈಬ್ರಿಡ್ ಗಾಡಿಯ ಸ್ವಭಾವ ಇದಕ್ಕೆ ವಿರುದ್ಧ: ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಗದಲ್ಲಿ ತೆವಳುವಾಗ ಅದರ ಎಂಜಿನ್ ಬಹುಪಾಲು ಮಲಗಿರುತ್ತದೆ, ಬ್ರೇಕು ಒತ್ತಿದಾಗ ವ್ಯರ್ಥವಾಗಬೇಕಾದ ಶಕ್ತಿ ಬ್ಯಾಟರಿಗೆ ಮರಳುತ್ತದೆ. ಅದೇ ಗಾಡಿ ಪುಣೆಯ ದ್ರುತಗತಿ ಮಾರ್ಗದಲ್ಲಿ ಗಂಟೆಗೆ 100 ಕಿಲೋಮೀಟರು ಓಡಿ, ಖಂಡಾಳಾ ಘಟ್ಟವನ್ನು ಹತ್ತುವಾಗ ದುಡಿಯುವುದು ಎಂಜಿನ್ನೇ. ವಾರವಿಡೀ ಊರೊಳಗಿನ ಓಟವನ್ನು ಕಂಡು ಊಹಿಸಿದ ಅಂಕಿ ಘಟ್ಟದ ದಾರಿಗೆ ಹೊಂದುವುದಿಲ್ಲ.

‘ಬ್ಯಾಟರಿ ತುಂಬಿತ್ತಲ್ಲ, ಅದು ಪೆಟ್ರೋಲನ್ನು ಉಳಿಸಬೇಡವೆ?’ ಎಂದು ಕೇಳುವವರುಂಟು. ಲೆಕ್ಕ ನೋಡೋಣ. ಸಾಮಾನ್ಯ ಗಾತ್ರದ ಇಂಥ ಗಾಡಿಯ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು ಒಂದು ಯೂನಿಟ್ ವಿದ್ಯುತ್ತು. ಒಂದು ಲೀಟರು ಪೆಟ್ರೋಲಿನಲ್ಲಿ ಹತ್ತಿರ ಹತ್ತಿರ ಒಂಬತ್ತು ಯೂನಿಟ್ಟಿನಷ್ಟು ಶಾಖವಿದೆ. ಒಳ್ಳೆಯ ಎಂಜಿನ್ನು ಅದರಲ್ಲಿ ನೂರಕ್ಕೆ ನಲವತ್ತರಷ್ಟನ್ನು ಮಾತ್ರ ಕೆಲಸಕ್ಕೆ ತರಬಲ್ಲುದು. ಆದ್ದರಿಂದ ತುಂಬಿದ ಬ್ಯಾಟರಿಯ ಬೆಲೆ ಹೆಚ್ಚೆಂದರೆ ಕಾಲು ಲೀಟರು ಪೆಟ್ರೋಲಿನ ಆಸುಪಾಸು. ಅದು ಹುಂಡಿಯಲ್ಲ, ಚಿಲ್ಲರೆ ಇಡುವ ಡಬ್ಬಿ. ಗಾಡಿ ನಿಂತಿರುವಾಗ ತಂಪುಯಂತ್ರವನ್ನು ನಡೆಸಿದರೆ ಆ ಡಬ್ಬಿ ಬೇಗನೆ ಬರಿದಾಗಿ, ಅದನ್ನು ತುಂಬಲು ಎಂಜಿನ್ನು ಆಗಾಗ ತಾನೇ ಎದ್ದು ದುಡಿಯುತ್ತದೆ. ಆಗ ಪೆಟ್ರೋಲು ಖರ್ಚಾಗುತ್ತದೆ, ಕಿಲೋಮೀಟರು ಸೊನ್ನೆ. ಪುಣೆಯ ಬಿಸಿಲಿನಲ್ಲಿ ಮೂರು ಗಂಟೆ ಕಾದ ಚಾಲಕನ ಮೇಲೆ ಬಂದ ಸಂಶಯಕ್ಕೆ ಇದೂ ಒಂದು ಮೂಲ.

ಇಷ್ಟನ್ನು ಮನಗಂಡ ಮೇಲೆ, ಯಜಮಾನರನ್ನು ಕರೆದುಕೊಂಡು ಅದೇ ಪಂಪಿಗೆ ಹೋಗಿ, ನಳಿಕೆ ತಾನಾಗಿ ನಿಲ್ಲುವವರೆಗೆ ತುಂಬಿಸಿರೆಂದು ಆ ತಂದೆಗೆ ಹೇಳಿದೆ. ಹಿಡಿದದ್ದು 20 ಲೀಟರು. ಅಂದರೆ ಭಾನುವಾರದ ಓಟ ಲೀಟರಿಗೆ 16 ಕಿಲೋಮೀಟರು. ಫಲಕದ ಮೊದಲ ಊಹೆಯಾದರೋ 940ನ್ನು 45ರಿಂದ ಭಾಗಿಸಿದಷ್ಟು, ಎಂದರೆ 20.9. ಆ ದರದಲ್ಲಿ 15.3 ಲೀಟರು ಸಾಕಿತ್ತು. ಹೆಚ್ಚಾಗಿ ಹೋದದ್ದು ಒಂಬತ್ತು ಲೀಟರಲ್ಲ, 4.7 ಮಾತ್ರ. ಅದರ ಬೆಲೆ 98 ಕಿಲೋಮೀಟರು. ಮಿಕ್ಕ 92 ಕಿಲೋಮೀಟರು ಹೋದದ್ದೆಲ್ಲಿ? ಎಲ್ಲಿಯೂ ಹೋಗಿರಲಿಲ್ಲ. ಟ್ಯಾಂಕಿನಲ್ಲಿ ಉಳಿದಿದ್ದ 25 ಲೀಟರನ್ನು ಹಳೆಯ ದರದಲ್ಲಿ ಗುಣಿಸಿದ್ದರೆ 522 ಬರುತ್ತಿತ್ತು. ಘಟ್ಟದ ಓಟವನ್ನು ಕಂಡ ಯಂತ್ರ ತನ್ನ ದರವನ್ನು 17.2ಕ್ಕೆ ಇಳಿಸಿಕೊಂಡು 430 ಎಂದಿತು. ಕಳುವಾಯಿತೆಂದು ಕೂಗಿದ ದೂರದಲ್ಲಿ ಅರ್ಧದಷ್ಟು ಎಂದೂ ಪೆಟ್ರೋಲಾಗಿ ಇರಲೇ ಇಲ್ಲ!

‘ಸರಿ, ಆ 4.7 ಲೀಟರು?’ ಎಂದರು ಯಜಮಾನರು. ನ್ಯಾಯವಾದ ಪ್ರಶ್ನೆ; ಲೆಕ್ಕದಿಂದ ಮಾತ್ರ ಇದಕ್ಕೆ ಉತ್ತರ ದೊರೆಯದು, ಪ್ರಯೋಗದಿಂದ ದೊರೆಯಬೇಕು. ಹದಿನೈದು ದಿನಗಳ ತರುವಾಯ ಯಜಮಾನರ ಮಗ ತಾನೇ ಗಾಡಿಯನ್ನು ನಡೆಸಿಕೊಂಡು ಅದೇ ದಾರಿಯಲ್ಲಿ ಪುಣೆಗೆ ಹೋಗಿಬಂದ. ದೂರ ಅಷ್ಟೇ, ಕಾಯುವ ಹೊತ್ತು ಕಡಿಮೆ. ಮರಳಿ ತುಂಬಿಸಿದಾಗ ಹಿಡಿದದ್ದು 19 ಲೀಟರು ಮತ್ತು ಅರ್ಧ. ಅಲ್ಲಿಗೆ ಮಾತು ಮುಗಿಯಿತು. ಸಂಬಳದಲ್ಲಿ ಮುರಿದ ಹಣ ಮುಂದಿನ ತಿಂಗಳು ಮರಳಿ ಬಂತು. ‘ತಪ್ಪಾಯಿತು’ ಎಂಬ ಮಾತು ಮಾತ್ರ ಬರಲಿಲ್ಲ.

ಈಗ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ಮುಳ್ಳು ಮತ್ತು ಫಲಕ ಎಚ್ಚರಿಕೆ ಕೊಡಲು ಇರುವಂಥವು, ಸಾಕ್ಷಿ ಹೇಳಲು ಇರುವಂಥವಲ್ಲ. ಪಂಪಿನ ಲೀಟರು ಕಾನೂನಿನ ಕಣ್ಣಿನಡಿ ಇದೆ. ಪ್ರತಿಯೊಂದು ಪಂಪಿನಲ್ಲಿಯೂ ಸರ್ಕಾರದ ಮುದ್ರೆಯೊತ್ತಿದ 5 ಲೀಟರಿನ ಅಳತೆಪಾತ್ರೆ ಇರಬೇಕು; ಗಿರಾಕಿ ಕೇಳಿದರೆ ಅಳೆದು ತೋರಿಸಬೇಕು; 25 ಮಿಲಿಲೀಟರಿಗಿಂತ ಹೆಚ್ಚಿನ ವ್ಯತ್ಯಾಸ ಸಲ್ಲದು. ಗಾಡಿಯ ಮುಳ್ಳಿಗೆ ಅಂಥ ಮುದ್ರೆ ಯಾರೂ ಒತ್ತಿಲ್ಲ. ಮುದ್ರೆಯಿಲ್ಲದ ತಕ್ಕಡಿಯಲ್ಲಿ ಕಿರಾಣಿ ಅಂಗಡಿಯವನು ಬೇಳೆ ತೂಗಿದರೆ ಒಪ್ಪದ ನಾವು, ಮುದ್ರೆಯಿಲ್ಲದ ಮುಳ್ಳಿನಿಂದ ಒಬ್ಬ ಮನುಷ್ಯನ ಪ್ರಾಮಾಣಿಕತೆಯನ್ನು ತೂಗಬಹುದೆ? ಗಾಡಿಯ ಯಜಮಾನರು ಭರ್ತಿಯಿಂದ ಭರ್ತಿಗೆ ಲೀಟರನ್ನೂ ಕಿಲೋಮೀಟರನ್ನೂ ಕಾಯ್ದ ಗಂಟೆಗಳನ್ನೂ ಒಂದು ಪುಸ್ತಕದಲ್ಲಿ ಬರೆಯಿಸಬೇಕು. ಒಂದು ದಿನದ ಅಂಕಿಯನ್ನಲ್ಲ, ಹಲವು ಭರ್ತಿಗಳ ಸರಾಸರಿಯನ್ನು ನೋಡಬೇಕು. ಗಾಡಿ ತಯಾರಿಸುವವರೂ ಊಹೆಯ ದೂರದ ಬದಲಿಗೆ ಉಳಿದ ಲೀಟರನ್ನೇ ತೋರಿಸಿ, ಅದರಲ್ಲಿ ಎಷ್ಟು ಹೆಚ್ಚುಕಡಿಮೆ ಬರಬಹುದೆಂಬುದನ್ನು ಕೈಪಿಡಿಯಲ್ಲಿ ತಿಳಿಸಿದರೆ ಎಷ್ಟೋ ಮನಸ್ತಾಪಗಳು ತಪ್ಪುವುವು.

ಹಾಗೆಂದು ಮುಳ್ಳನ್ನು ಕಿತ್ತೆಸೆಯಿರೆಂದು ನಾನು ಹೇಳುವವನಲ್ಲ. ಲೆಕ್ಕವೂ ಕೈಕೊಡುವುದುಂಟು. 1983ರ ಜುಲೈ 23ರಂದು ಕೆನಡಾದ ವಿಮಾನವೊಂದರಲ್ಲಿ ಇಂಧನದ ಸೂಚಕಗಳು ಕೆಟ್ಟಿದ್ದವು. ನೆಲದ ಮೇಲಿದ್ದವರು ಕೈಲೆಕ್ಕ ಮಾಡಿದರು. ಆದರೆ ಲೀಟರನ್ನು ಕಿಲೋಗ್ರಾಮಿಗೆ ತಿರುಗಿಸುವಾಗ ಪೌಂಡಿನ ಸಂಖ್ಯೆಯಾದ 1.77ನ್ನು ಬಳಸಿಬಿಟ್ಟರು, ಬಳಸಬೇಕಾಗಿದ್ದುದು 0.8ರಷ್ಟು. ಬೇಕಾದುದರಲ್ಲಿ ಅರ್ಧಕ್ಕಿಂತ ಕಡಿಮೆ ಇಂಧನದೊಡನೆ ಹೊರಟ ವಿಮಾನದ ಎಂಜಿನ್ನುಗಳು ನಡುದಾರಿಯಲ್ಲಿ ಆರಿಹೋದವು. ಚಾಲಕರು ಅದನ್ನು ಹದ್ದಿನಂತೆ ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿನ ಹಳೆಯ ವಿಮಾನತಾಣದಲ್ಲಿ ಇಳಿಸಿ, ಎಲ್ಲರ ಪ್ರಾಣವನ್ನೂ ಉಳಿಸಿದರು. ಮುಳ್ಳು ಲೆಕ್ಕಕ್ಕೂ, ಲೆಕ್ಕ ಮುಳ್ಳಿಗೂ ಕಾವಲಿರಬೇಕೆಂಬುದೇ ಈ ಕಥೆಯ ತಾತ್ಪರ್ಯ.

ನನ್ನ ಪ್ರೀತಿಯ ವಿದ್ಯಾರ್ಥಿಗಳೇ, ‘ಭಾಗಾಕಾರವನ್ನು ಕಲಿತು ಏನಾಗಬೇಕು, ಎಲ್ಲವನ್ನೂ ಯಂತ್ರವೇ ಹೇಳುತ್ತದಲ್ಲ’ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಯಂತ್ರ ಹೇಳಿದ ಮಾತು ನಿಜವೋ ಊಹೆಯೋ ಎಂದು ಕೇಳಬಲ್ಲವನಿಗೆ ಭಾಗಾಕಾರ ಬೇಕು. ನಮ್ಮ ಮನೆಗಳಲ್ಲಿ ಅನೇಕರ ತಂದೆಯವರು ಇತರರ ಗಾಡಿಯನ್ನು ನಡೆಸುವವರು, ಇತರರ ಕಾರ್ಖಾನೆಯಲ್ಲಿ ದುಡಿಯುವವರು, ಇತರರ ಗಲ್ಲಾದ ಮುಂದೆ ಕೂಡುವವರು. ಅವರ ಆಸ್ತಿಯೆಂದರೆ ಒಳ್ಳೆಯ ಹೆಸರೊಂದೇ. ಆ ಹೆಸರಿಗೆ ಯಾವುದೋ ಒಂದು ಅಂಕಿ ಮಸಿ ಬಳಿಯಲು ಬಂದಾಗ, ಅಳದೆ, ಜಗಳಕ್ಕೆ ನಿಲ್ಲದೆ, ಕಾಗದದ ಮೇಲೆ ಲೆಕ್ಕ ಬಿಡಿಸಿ ತೋರಿಸುವ ಮಕ್ಕಳು ಮನೆಯಲ್ಲಿದ್ದರೆ ಅದಕ್ಕಿಂತ ದೊಡ್ಡ ಆಸರೆಯಿಲ್ಲ. ಆ ತಂದೆಯ ಗಾಡಿಯಲ್ಲಿ ಈಗ ನೂರು ಹಾಳೆಯ ನೋಟು ಪುಸ್ತಕವೊಂದಿದೆ. ಪ್ರತಿ ಭರ್ತಿಯ ಲೆಕ್ಕವನ್ನು ಅದರಲ್ಲಿ ಕನ್ನಡದಲ್ಲಿ ಬರೆಯುತ್ತಿರುವವಳು ನಮ್ಮ ಎಂಟನೆಯ ತರಗತಿಯ ವಿದ್ಯಾರ್ಥಿನಿ.