ಗೋಪುರದ ತುದಿ ನೋಡುವ ಮೊದಲು ಬುಡ ನೋಡ್ರಿ

ಊರ ನಡುವೆ ಬಹುಮಹಡಿ ಆಫೀಸು ಕಟ್ಟಡ ಬರುತ್ತದೆ ಅಂದರೆ, ಕಟ್ಟಡಕ್ಕಿಂತ ಮೊದಲು ಅದರ ಚಿತ್ರ ಬರುತ್ತದೆ. ಪೇಪರಿನಲ್ಲಿ ನೀವೂ ನೋಡಿರುತ್ತೀರಿ. ನೀಲಿ ಆಕಾಶ, ಹೊಳೆಯುವ ಗಾಜು, ಕೆಳಗೆ ಇರುವೆಯಷ್ಟು ಸಣ್ಣ ಜನ. ಆ ಜನರ ಕೂದಲು ಹಾರುವುದಿಲ್ಲ, ಕೈಯಲ್ಲಿ ಕೊಡೆ ಇರುವುದಿಲ್ಲ, ಯಾರ ಮೇಲೂ ನೆರಳು ಬಿದ್ದಿರುವುದಿಲ್ಲ. ದೂರದಲ್ಲಿ ನಿಂತು ನೋಡಿದರೆ ಊರು ಹೇಗೆ ಕಾಣಿಸುತ್ತದೆ ಅನ್ನುವುದಷ್ಟೇ ಅಲ್ಲಿರುತ್ತದೆ. ಬುಡದಲ್ಲಿ ನಡೆದು ಹೋಗುವವರಿಗೆ ಏನಾಗುತ್ತದೆ ಅನ್ನುವುದು ಇರುವುದಿಲ್ಲ. ಅನುಮತಿ ಕೊಡುವವರು ಈ ಎರಡನೆಯದನ್ನೇ ಮೊದಲು ಕೇಳಬೇಕು ಅನ್ನುವುದು ನನ್ನ ವಾದ. ಅದಕ್ಕೆ ಬೇಕಾದ ವಿಜ್ಞಾನವೇನೂ ಭಾರಿಯದಲ್ಲ. ಎಂಟರಿಂದ ಹತ್ತನೆಯ ತರಗತಿಯ ಪುಸ್ತಕದಲ್ಲಿ ಇರುವಷ್ಟೇ ಸಾಕು.

ಉದಾಹರಣೆಗೆ ಇಂಗ್ಲೆಂಡಿನ ಲೀಡ್ಸ್ ನಗರವನ್ನು ತೆಗೆದುಕೊಳ್ಳೋಣ. ಯಾಕೆ ಲೀಡ್ಸ್? ಅದು ಲಂಡನ್ನಿನಂಥ ಮಹಾನಗರವಲ್ಲ. 2021ರ ಜನಗಣತಿಯಂತೆ ಅಲ್ಲಿ ಸುಮಾರು 8.1 ಲಕ್ಷ ಜನ. ನಮ್ಮ ಸೊಲ್ಲಾಪುರದಲ್ಲಿ 2011ರಲ್ಲೇ 9.5 ಲಕ್ಷ ಇದ್ದರು. ಅದೂ ಬಟ್ಟೆಯ ಊರು, ಇದೂ ಬಟ್ಟೆಯ ಊರು. ಅಲ್ಲಿ ಉಣ್ಣೆ, ಇಲ್ಲಿ ಹತ್ತಿಯ ಚಾದರ. ಬಹಳ ಕಾಲ ಲೀಡ್ಸಿನ ಆಕಾಶದಲ್ಲಿ ಎದ್ದು ಕಾಣುತ್ತಿದ್ದದ್ದು ಗಿರಣಿಗಳ ಚಿಮಣಿಗಳು, ಮತ್ತೆ 1858ರಲ್ಲಿ ಉದ್ಘಾಟನೆಯಾದ ಟೌನ್ ಹಾಲಿನ ಗಡಿಯಾರದ ಗೋಪುರ. ಅದರ ಎತ್ತರ ಸುಮಾರು 68 ಮೀಟರ್. 2007ರಲ್ಲಿ ಹಳೆಯ ಗಿರಣಿ ಪ್ರದೇಶದ ಪಕ್ಕದಲ್ಲೇ ಬ್ರಿಜ್‌ವಾಟರ್ ಪ್ಲೇಸ್ ಎಂಬ 32 ಅಂತಸ್ತಿನ ಕಟ್ಟಡ ಎದ್ದಿತು. ಕೆಳಗೆ ಆಫೀಸುಗಳು, ಮೇಲೆ ಮನೆಗಳು, ಎತ್ತರ 112 ಮೀಟರ್. ಊರಿನ ಅತಿ ಎತ್ತರದ ಕಟ್ಟಡ ಎಂಬ ಹೆಸರೂ ಬಂತು.

ಜೊತೆಗೆ ಗಾಳಿಯೂ ಬಂತು. ಕಟ್ಟಡದ ಬುಡದಲ್ಲಿ ನಡೆಯುವವರು ತೂರಾಡುತ್ತಾರೆ, ಕಂಬ ಹಿಡಿದು ನಿಲ್ಲುತ್ತಾರೆ ಎಂಬ ದೂರುಗಳು ಶುರುವಾದವು. 2011ರ ಮಾರ್ಚ್‌ನಲ್ಲಿ ಅಲ್ಲಿ ಬೀಸಿದ ಗಾಳಿಗೆ ಒಂದು ಲಾರಿ ಉರುಳಿ, ರಸ್ತೆಯಲ್ಲಿ ನಡೆದು ಹೋಗುತ್ತಿದ್ದ ಒಬ್ಬ ಮನುಷ್ಯ ಅದರ ಕೆಳಗೆ ಸಿಕ್ಕಿ ಸತ್ತ. ಅವನು ಆ ಕಟ್ಟಡದ ಲಿಫ್ಟು ಹತ್ತಿದವನಲ್ಲ, ಬಾಡಿಗೆ ಎಣಿಸಿದವನಲ್ಲ. ದಾರಿಯಲ್ಲಿ ಹೋಗುತ್ತಿದ್ದವನು, ಅಷ್ಟೆ.

ಕಟ್ಟಡಕ್ಕೂ ಗಾಳಿಗೂ ಏನು ಸಂಬಂಧ? ನೆಲದ ಹತ್ತಿರ ಗಾಳಿ ನಿಧಾನ, ಮೇಲೆ ಹೋದಂತೆ ಜೋರು. ಮರ, ಮನೆ, ಗೋಡೆಗಳಿಗೆ ಉಜ್ಜಿ ಉಜ್ಜಿ ಕೆಳಗಿನ ಗಾಳಿ ವೇಗ ಕಳೆದುಕೊಂಡಿರುತ್ತದೆ. ತೆರೆದ ಬಯಲಿನಲ್ಲಿ 10 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 5 ಮೀಟರ್ ಗಾಳಿ ಇದ್ದರೆ, 100 ಮೀಟರ್ ಎತ್ತರದಲ್ಲಿ ಸುಮಾರು 7 ಮೀಟರ್ ಇರುತ್ತದೆ. ಸುತ್ತಲೂ ಗಿಡ್ಡ ಮನೆಗಳಿರುವ ಊರಿನಲ್ಲಿ ಒಂದೇ ಒಂದು ಎತ್ತರದ ಚಪ್ಪಟೆ ಗೋಡೆ ನಿಂತರೆ, ಆ ಮೇಲಿನ ಗಾಳಿ ಬಂದು ಗೋಡೆಗೆ ಬಡಿಯುತ್ತದೆ. ಅದು ಎಲ್ಲಿಗೆ ಹೋಗಬೇಕು? ಮೇಲಿನ ಸ್ವಲ್ಪ ಭಾಗ ಕಟ್ಟಡ ಹಾರಿ ಹೋಗುತ್ತದೆ, ಸ್ವಲ್ಪ ಅಕ್ಕಪಕ್ಕ ಸರಿಯುತ್ತದೆ. ಉಳಿದದ್ದು ಗೋಡೆಗುಂಟ ಕೆಳಗೆ ಜಾರುತ್ತದೆ, ಯಾಕೆಂದರೆ ಮೇಲೆ ಒತ್ತಡ ಹೆಚ್ಚು, ಕೆಳಗೆ ಕಡಿಮೆ. ಕೆಳಗಿಳಿದ ಗಾಳಿ ಕಟ್ಟಡದ ಮೂಲೆಗಳಲ್ಲಿ ಇಕ್ಕಟ್ಟಾಗಿ ನುಗ್ಗುತ್ತದೆ. ನಲ್ಲಿಯ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಾಗ ನೀರು ದೂರ ಚಿಮ್ಮುವುದಿಲ್ಲವೇ, ಹಾಗೆ. ಅಂದರೆ 80 ಮೀಟರ್ ಮೇಲೆ ಯಾರಿಗೂ ತೊಂದರೆ ಕೊಡದೆ ಹೋಗುತ್ತಿದ್ದ ಗಾಳಿಯನ್ನು ಕಟ್ಟಡ ಹಿಡಿದು ರಸ್ತೆಗೆ ಇಳಿಸುತ್ತದೆ.

ಇನ್ನೊಂದು ಮಾತು. ಗಾಳಿಯ ತಳ್ಳು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ವೇಗದ ಗಾಳಿಯ ಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು 240 ನ್ಯೂಟನ್. ಲಾರಿಯ ಪಕ್ಕದ ಮೈ 30 ಚದರ ಮೀಟರ್ ಅಂತ ಇಟ್ಟುಕೊಂಡರೆ ಒಟ್ಟು 7,200 ನ್ಯೂಟನ್. ಮುಕ್ಕಾಲು ಟನ್ ತೂಕ ಪಕ್ಕದಿಂದ ದಬ್ಬಿದ ಹಾಗೆ. ವೇಗ 30 ಮೀಟರಿಗೆ ಏರಿದರೆ? ವೇಗ ಒಂದೂವರೆ ಪಟ್ಟು, ಬಲ ಎರಡೂಕಾಲು ಪಟ್ಟು. 16,200 ನ್ಯೂಟನ್. ಖಾಲಿ ಲಾರಿ ಯಾಕೆ ಉರುಳುತ್ತದೆ ಅಂತ ಈಗ ತಿಳಿಯಿತಲ್ಲ.

ಆಮೇಲೆ ಲೀಡ್ಸಿನಲ್ಲಿ ಗಾಳಿ ಜೋರಾದ ದಿನ ಕಟ್ಟಡದ ಸುತ್ತಲಿನ ರಸ್ತೆಗಳನ್ನೇ ಮುಚ್ಚುವ ಪದ್ಧತಿ ಬಂತು. ಒಂದು ಕಟ್ಟಡಕ್ಕಾಗಿ ಇಡೀ ಊರು ಸುತ್ತು ಬಳಸಿ ಹೋಗಬೇಕು! ಕೊನೆಗೆ, ಕಟ್ಟಡ ಮುಗಿದು ಹತ್ತು ವರ್ಷದ ಮೇಲೆ, ಗಾಳಿಯ ಬಿರುಸು ಮುರಿಯಲು ಕಟ್ಟಡಕ್ಕೆ ತಡೆಗಳನ್ನೂ ಚಾವಣಿಗಳನ್ನೂ ಜೋಡಿಸಿ, ರಸ್ತೆಯ ಮೇಲೆ ಅಡ್ಡಲಾಗಿ ದೊಡ್ಡ ರೆಕ್ಕೆಯಂಥ ಚೌಕಟ್ಟುಗಳನ್ನು ನಿಲ್ಲಿಸಿದರು. ನಕ್ಷೆ ಬರೆಯುವಾಗಲೇ ಮೂಲೆಗಳನ್ನು ದುಂಡಗೆ ಮಾಡಬಹುದು. ಬುಡದಲ್ಲಿ ಅಗಲವಾದ ನಾಲ್ಕಂತಸ್ತಿನ ಜಗಲಿಯಂಥ ಭಾಗ ಕಟ್ಟಿ ಅದರ ಮೇಲೆ ಗೋಪುರ ಹಿಂದಕ್ಕೆ ಸರಿಸಿ ನಿಲ್ಲಿಸಿದರೆ, ಇಳಿಯುವ ಗಾಳಿ ಆ ಜಗಲಿಯ ಮೇಲೆ ಬಿದ್ದು ಅಲ್ಲೇ ಹರಡಿಕೊಳ್ಳುತ್ತದೆ. ಕಾಗದದ ಮೇಲೆ ಅಳಿಸಿ ತಿದ್ದುವುದಕ್ಕೆ ರಬ್ಬರು ಸಾಕು. ಕಟ್ಟಿದ ಮೇಲೆ ಉಕ್ಕು ಬೇಕು.

ಇನ್ನು ನೆರಳು. ಲೀಡ್ಸ್ ಇರುವುದು ಸುಮಾರು 53.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಮಧ್ಯಾಹ್ನ ಅಲ್ಲಿ ಸೂರ್ಯ ಎಷ್ಟು ಮೇಲೆ ಬರುತ್ತಾನೆ? 90ರಲ್ಲಿ 53.8 ಕಳೆಯಿರಿ, ಮತ್ತೆ 23.4 ಕಳೆಯಿರಿ. ಉಳಿದದ್ದು 12.8 ಡಿಗ್ರಿ. 112 ಮೀಟರನ್ನು ಟ್ಯಾನ್ 12.8ರಿಂದ ಭಾಗಿಸಿದರೆ ನೆರಳಿನ ಉದ್ದ ಸಿಗುತ್ತದೆ: ಸುಮಾರು 490 ಮೀಟರ್. ನಡು ಮಧ್ಯಾಹ್ನದಲ್ಲಿ, ಚಳಿಗಾಲದಲ್ಲಿ, ಅರ್ಧ ಕಿಲೋಮೀಟರ್ ನೆರಳು! ಬಿಸಿಲೇ ಅಪರೂಪವಾದ ದೇಶದಲ್ಲಿ ಅರ್ಧ ಕಿಲೋಮೀಟರ್ ಆಚೆಯವರ ಬಿಸಿಲನ್ನೂ ಕಿತ್ತುಕೊಂಡಂತೆ. ಆದ್ದರಿಂದ ಅಲ್ಲಿ ಕಟ್ಟಡದ ನೆರಳಿಗೆ ಜಗಳ ಆಗುತ್ತದೆ, ಆಗಲೇಬೇಕು.

ಅದೇ ಕಟ್ಟಡವನ್ನು ಸೊಲ್ಲಾಪುರಕ್ಕೆ ತಂದು ನಿಲ್ಲಿಸಿ. ಅದೇ ದಿನ ಮಧ್ಯಾಹ್ನ ಸೂರ್ಯ 49 ಡಿಗ್ರಿಯ ಹತ್ತಿರ ಇರುತ್ತಾನೆ. ನೆರಳು ಸುಮಾರು 98 ಮೀಟರ್. ಕಾಸರಗೋಡಿನಲ್ಲಿ ಇನ್ನೂ ಕಡಿಮೆ, 81 ಮೀಟರ್. ಅಷ್ಟೇ ಅಲ್ಲ, ನಮ್ಮಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬಂದು ನೆರಳೇ ಬುಡದಲ್ಲಿ ಅಡಗಿಬಿಡುತ್ತದೆ. ಕಾಸರಗೋಡಿನಲ್ಲಿ ಏಪ್ರಿಲ್ ಕೊನೆಯ ಭಾಗ ಮತ್ತು ಆಗಸ್ಟ್, ಸೊಲ್ಲಾಪುರದಲ್ಲಿ ಮೇ ನಡುಭಾಗ ಮತ್ತು ಆಗಸ್ಟ್ ಆರಂಭ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉತ್ತರಕ್ಕಲ್ಲ. ಲೀಡ್ಸಿನವರು ಇದನ್ನು ತಮ್ಮ ಊರಿನಲ್ಲಿ ಎಂದೂ ನೋಡಲಾರರು. ಅಲ್ಲದೆ ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಬಾಳೆಹಣ್ಣಿನ ಗಾಡಿಯವನನ್ನು ಕೇಳಿದರೆ, ನೆರಳೂ ಬರಲಿ, ಗಾಳಿಯೂ ಬರಲಿ ಅಂತಾನೆ. ಅವನು ಹೇಳುವುದು ಸುಳ್ಳಲ್ಲ. ಆದ್ದರಿಂದ ಅಲ್ಲಿಯ ನಿಯಮವನ್ನು ಇಲ್ಲಿಗೆ ನಕಲು ಹೊಡೆಯುವುದರಲ್ಲಿ ಅರ್ಥವಿಲ್ಲ. ಅಲ್ಲಿಂದ ತರಬೇಕಾದದ್ದು ಲೆಕ್ಕ ಮಾಡುವ ಅಭ್ಯಾಸ.

ಆದರೆ ನಾವು ತರುತ್ತಿರುವುದು ಏನು? ಗಾಜು! ಬಿಸಿಲು ಕಡಿಮೆ ಇರುವಲ್ಲಿ ಗಾಜಿನ ಗೋಡೆಗೆ ಒಂದು ಅರ್ಥವಿದೆ. ನಮ್ಮ ಕಡೆ ಪಶ್ಚಿಮಕ್ಕೆ ಗಾಜಿನ ಗೋಡೆ ಕಟ್ಟಿದರೆ ಸಂಜೆ ನಾಲ್ಕಕ್ಕೆ ಒಳಗೆ ಒಲೆ ಹಚ್ಚಿದಂತೆ. ಬೆಳಕು ಒಳಗೆ ನುಗ್ಗುತ್ತದೆ, ಕಾದ ವಸ್ತುಗಳು ಬಿಡುವ ಶಾಖ ಹೊರಗೆ ಹೋಗುವುದಿಲ್ಲ. ಆಮೇಲೆ ಅದನ್ನು ಎ.ಸಿ. ಹಾಕಿ ತಂಪು ಮಾಡಬೇಕು, ಆ ಎ.ಸಿ. ತನ್ನ ಬಿಸಿಯನ್ನು ಮತ್ತೆ ಬೀದಿಗೇ ಉಗುಳುತ್ತದೆ. ಗಾಜಿನ ಮತ್ತೊಂದು ಆಟ ನೋಡಬೇಕಿದ್ದರೆ ಲಂಡನ್ನಿಗೆ ಹೋಗಬೇಕು. ಅಲ್ಲಿ 20 ಫೆನ್‌ಚರ್ಚ್ ಸ್ಟ್ರೀಟ್ ಎಂಬ ಆಫೀಸು ಗೋಪುರದ ಒಂದು ಮುಖ ಒಳಕ್ಕೆ ಬಾಗಿದೆ. ಒಳಕ್ಕೆ ಬಾಗಿದ ಹೊಳೆಯುವ ಮೈ ಅಂದರೆ ಏನು? ನಿಮ್ನ ದರ್ಪಣ. 2013ರಲ್ಲಿ ಕಟ್ಟಡ ಇನ್ನೂ ಮುಗಿಯುವ ಮೊದಲೇ, ಕೆಳಗಿನ ಬೀದಿಯಲ್ಲಿ ನಿಲ್ಲಿಸಿದ್ದ ಕಾರಿನ ಭಾಗಗಳು ಆ ಬಿಸಿಲಿಗೆ ಕರಗಿದವು. ಹತ್ತನೆಯ ತರಗತಿಯ ಮಕ್ಕಳು ಕಿರಣ ಚಿತ್ರ ಬರೆದು ತೋರಿಸಬಹುದಾಗಿದ್ದ ಸಂಗತಿ. ಆಮೇಲೆ ಅದರ ಮೈಗೆ ಬಿಸಿಲು ತಡೆಯುವ ಪಟ್ಟಿಗಳನ್ನು ಜೋಡಿಸಿದರು.

ಎತ್ತರದ ಕಟ್ಟಡ ಬೇಕು ಅನ್ನುವವರ ಮಾತನ್ನೂ ಕೇಳಬೇಕು. ಮೇಲಕ್ಕೆ ಬೆಳೆದರೆ ಊರು ಅಡ್ಡಕ್ಕೆ ಹರಡುವುದಿಲ್ಲ, ಸುತ್ತಲಿನ ಜೋಳದ ಹೊಲ, ತೊಗರಿ ಹೊಲ ಉಳಿಯುತ್ತವೆ, ಜನ ಬಸ್ಸಿನಲ್ಲೋ ನಡೆದೋ ಕೆಲಸಕ್ಕೆ ಹೋಗಬಹುದು ಅನ್ನುತ್ತಾರೆ. ಒತ್ತಾಗಿ ಇರುವ ಊರು ಒಳ್ಳೆಯದು, ಒಪ್ಪಿದೆ. ಆದರೆ ಒತ್ತು ಅಂದರೆ ಎತ್ತರ ಅಂತ ಯಾರು ಹೇಳಿದರು? 100 ಮೀಟರ್ ಉದ್ದ, 100 ಮೀಟರ್ ಅಗಲದ ಒಂದು ಜಾಗ ತೆಗೆದುಕೊಳ್ಳಿ. ನಡುವೆ 40 ಮೀಟರಿಗೆ 25 ಮೀಟರಿನ ಗೋಪುರ, 30 ಅಂತಸ್ತು. ಒಟ್ಟು ನೆಲ 30,000 ಚದರ ಮೀಟರ್. ಈಗ ಗೋಪುರ ಬೇಡ. ಅದೇ ಜಾಗದ ನಾಲ್ಕೂ ಅಂಚಿಗೆ, ನಮ್ಮ ಹಳೆಯ ವಾಡೆಯ ಹಾಗೆ, ಸುತ್ತುಗಟ್ಟಿ ಕಟ್ಟಡ ಕಟ್ಟಿ ನಡುವೆ ಅಂಗಳ ಬಿಡಿ. ಕಟ್ಟಡದ ದಪ್ಪ ಸುಮಾರು 14.6 ಮೀಟರ್ ಇಟ್ಟರೆ ಅರ್ಧ ಜಾಗ ಕಟ್ಟಡ, ಅರ್ಧ ಜಾಗ ಅಂಗಳ. ಒಂದು ಅಂತಸ್ತಿಗೆ 5,000 ಚದರ ಮೀಟರ್. ಎಷ್ಟು ಅಂತಸ್ತು ಬೇಕು? ಆರು! ಆರು ಅಂತಸ್ತಿನಲ್ಲೇ ಅದೇ 30,000. ಕೇಂಬ್ರಿಜ್‌ನ ಲೆಸ್ಲಿ ಮಾರ್ಟಿನ್ ಮತ್ತು ಲಯನೆಲ್ ಮಾರ್ಚ್ ಎಂಬ ವಾಸ್ತುಶಿಲ್ಪಿಗಳು ಐವತ್ತು ವರ್ಷಕ್ಕೂ ಹಿಂದೆಯೇ ಇಂಥ ಲೆಕ್ಕಗಳನ್ನು ವಿವರವಾಗಿ ಮಾಡಿ ತೋರಿಸಿದ್ದಾರೆ. ಗೋಪುರದ ಸುತ್ತ ಖಾಲಿ ಜಾಗ ಹೆಚ್ಚು ಉಳಿಯುತ್ತದೆ, ನಿಜ. ಆದರೆ ಅದು ಸಾಮಾನ್ಯವಾಗಿ ಕಾರು ನಿಲ್ಲಿಸುವ ಜಾಗವಾಗಿ ಮುಗಿಯುತ್ತದೆ.

ಗೋಪುರದ ಒಳಗೂ ಒಂದು ಕಳ್ಳಬಾಯಿ ಇದೆ, ಅದು ಲಿಫ್ಟು. ಆಫೀಸು ಕಟ್ಟಡದಲ್ಲಿ ಎಲ್ಲರೂ ಒಮ್ಮೆಗೇ ಬರುತ್ತಾರೆ. 3,000 ಜನ ಕೆಲಸ ಮಾಡುತ್ತಾರೆ, ಬೆಳಗಿನ ಗದ್ದಲದ ಐದು ನಿಮಿಷದಲ್ಲಿ 360 ಜನರನ್ನು ಮೇಲಕ್ಕೆ ಒಯ್ಯಬೇಕು ಅಂತಿಟ್ಟುಕೊಳ್ಳಿ. ಒಂದು ಲಿಫ್ಟಿಗೆ 15 ಜನ, ಹೋಗಿ ಬರಲು ಎರಡೂವರೆ ನಿಮಿಷ. ಐದು ನಿಮಿಷಕ್ಕೆ 30 ಜನ. ಹನ್ನೆರಡು ಲಿಫ್ಟು ಬೇಕಾಯಿತು. ಆ ಲಿಫ್ಟುಗಳ ಬಾವಿ ಕೆಳಗಿನ ಅಂತಸ್ತುಗಳನ್ನು ಸೀಳಿಕೊಂಡೇ ಮೇಲೆ ಹೋಗಬೇಕಲ್ಲ. ಎತ್ತರ ಹೆಚ್ಚಿದಷ್ಟೂ ಬಾವಿಗಳು ಹೆಚ್ಚು, ಬಾಡಿಗೆಗೆ ಸಿಗುವ ನೆಲ ಕಡಿಮೆ.

ನೀರು ಮೇಲೆತ್ತುವ ವಿದ್ಯುತ್ತಿನ ಬಗ್ಗೆ ಮಾತ್ರ ಜನ ಸುಮ್ಮನೆ ಹೆದರುತ್ತಾರೆ. ತಲೆಗೆ 45 ಲೀಟರಿನಂತೆ 3,000 ಜನಕ್ಕೆ ದಿನಕ್ಕೆ 1,35,000 ಲೀಟರ್. ಸರಾಸರಿ 50 ಮೀಟರ್ ಎತ್ತಬೇಕು. ರಾಶಿ, ಗುರುತ್ವ, ಎತ್ತರ ಗುಣಿಸಿ ನೋಡಿ: ಬರುವುದು ಸುಮಾರು 18 ಯೂನಿಟ್. ಪಂಪಿನ ದಕ್ಷತೆ ಅರ್ಧ ಅಂದರೂ 37. ಮನೆಯಲ್ಲಿಡುವಂಥ ಮೂರು ಎ.ಸಿ.ಗಳು ಎಂಟು ತಾಸು ಓಡಿದರೆ ಹೆಚ್ಚುಕಡಿಮೆ ಅಷ್ಟೇ ಖರ್ಚಾಗುತ್ತದೆ. ಚಿಂತೆ ಮಾಡಬೇಕಾದದ್ದು ಆ ನೀರು ಎಲ್ಲಿಂದ ಬರುತ್ತದೆ ಎಂಬುದಕ್ಕೆ. ಉಜನಿ ಜಲಾಶಯದಿಂದ ನೀರು ತರಿಸಿಕೊಳ್ಳುವ ಸೊಲ್ಲಾಪುರದಲ್ಲಿ ನಲ್ಲಿಗೆ ದಿನಾ ನೀರು ಬರುವುದಿಲ್ಲ.

ಊರಿನ ಆಕಾಶಕ್ಕೆ ನಿಯಮ ಹಾಕುವುದು ಹೊಸ ಮಾತೂ ಅಲ್ಲ. ಸೊಲ್ಲಾಪುರದಲ್ಲಿ 2023ರ ಜೂನ್‌ನಲ್ಲಿ ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಎತ್ತರದ ಚಿಮಣಿಯನ್ನು, ವಿಮಾನದ ದಾರಿಗೆ ಅಡ್ಡವಾಗುತ್ತದೆ ಎಂದು ಕೆಡವಿದರು. ಮೇಲೆ ಹಾರುವವರಿಗಾಗಿ ಎತ್ತರ ಅಳೆಯುತ್ತಾರೆ ಅಂದಮೇಲೆ, ಕೆಳಗೆ ನಡೆಯುವವರಿಗಾಗಿ ಗಾಳಿ ಅಳೆಯುವುದಕ್ಕೆ ಏನು ಅಡ್ಡಿ? ಕಟ್ಟಡದ ಚಿತ್ರದ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ, ವರ್ಷದ ನಾಲ್ಕು ದಿನಗಳ ನೆರಳಿನ ನಕ್ಷೆ, ಕಾಲುದಾರಿಯ ಮೇಲಿನ ಗಾಳಿಯ ವೇಗದ ನಕ್ಷೆ ಅಚ್ಚಾಗಬೇಕು. ಅದನ್ನು ಮಾಡುವವರು ಕಟ್ಟುವವರ ಸಂಬಳದವರಾಗಿರಬಾರದು.

ಗಾಳಿಯ ಆಟವನ್ನು ನೀವು ಶಾಲೆಯಲ್ಲೇ ನೋಡಬಹುದು. ಥರ್ಮಾಕೋಲಿನ ಸಣ್ಣ ಸಣ್ಣ ಮನೆಗಳನ್ನು ಹಲಗೆಯ ಮೇಲೆ ಅಂಟಿಸಿ, ನಡುವೆ ಅವುಗಳ ಆರು ಪಟ್ಟು ಎತ್ತರದ ಒಂದು ಗೋಪುರ ನಿಲ್ಲಿಸಿ. ಸುತ್ತಲೂ ತೆಳ್ಳಗೆ ರವೆ ಹರಡಿ. ಗಾಳಿ ಸುರಂಗದ ಪ್ರಯೋಗಗಳಲ್ಲೂ ಹೀಗೆ ಪುಡಿ ಹರಡಿ ನೋಡುವ ಪದ್ಧತಿ ಇದೆ. ಫ್ಯಾನಿನ ಗಾಳಿ ಸುತ್ತಿಕೊಂಡು ಬರುತ್ತದೆ, ಆದ್ದರಿಂದ ಅದರ ಮುಂದೆ ಸ್ಟ್ರಾ ಕೊಳವೆಗಳನ್ನು ಒತ್ತಾಗಿ ಜೋಡಿಸಿದ ಒಂದು ಚೌಕಟ್ಟು ಇಡಿ, ಗಾಳಿ ನೆಟ್ಟಗಾಗುತ್ತದೆ. ಮೊದಲು ಗೋಪುರ ಇಲ್ಲದೆ, ಆಮೇಲೆ ಇಟ್ಟು, ಕೊನೆಗೆ ಬುಡಕ್ಕೆ ಅಗಲವಾದ ಜಗಲಿ ಸೇರಿಸಿ, ಮೂರು ಸಲ ಫ್ಯಾನ್ ಹಾಕಿ. ಪ್ರತಿ ಸಲ ರವೆ ಎಲ್ಲೆಲ್ಲಿ ಹಾರಿ ಹಲಗೆ ಬರಿದಾಯಿತು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.