ವೀರರ ಪಟ್ಟಿ ಯಾರ ಜೇಬಿನಲ್ಲಿದೆ?

ಸತ್ತ ಮೇಲೂ ಪಕ್ಷದ ಅಪ್ಪಣೆ ಬೇಕು! ನಂಬುತ್ತೀರಾ ಗೆಳೆಯರೇ? ಆಫ್ರಿಕಾದ ಜಿಂಬಾಬ್ವೆಯಲ್ಲಿ ಸ್ವಾತಂತ್ರ್ಯಕ್ಕಾಗಿ ಬಂದೂಕು ಹಿಡಿದವನೊಬ್ಬ ಕಣ್ಣು ಮುಚ್ಚಿದರೆ, ಆಳುವ ಜಾನು-ಪಿಎಫ್ ಪಕ್ಷದ ಪಾಲಿಟ್‌ಬ್ಯೂರೋ ಏನು ಹೇಳುತ್ತದೋ ಎಂದು ಮನೆಯವರು ಕಾಯಬೇಕು. ಇವನು ರಾಷ್ಟ್ರವೀರನೋ, ಪ್ರಾಂತ್ಯದ ವೀರನೋ, ಬರೀ ಜಿಲ್ಲಾ ವೀರನೋ? ಹೌದು, ವೀರರಲ್ಲೂ ಅಲ್ಲಿ ಮೂರು ದರ್ಜೆ, ಹಳೇ ಕಾಲದ ರೈಲು ಡಬ್ಬಿಗಳ ಹಾಗೆ. ರಾಜಧಾನಿ ಹರಾರೆಯ ಹೊರವಲಯದಲ್ಲಿರುವ 'ನ್ಯಾಷನಲ್ ಹೀರೋಸ್ ಏಕರ್' ಎಂಬ ರುದ್ರಭೂಮಿಯಲ್ಲಿ ಜಾಗ ಸಿಗುವುದು ಮೊದಲ ದರ್ಜೆಯವರಿಗೆ ಮಾತ್ರ.

ಹೆಸರಿಗೆ ಏಕರ್, ಇರುವುದು 57 ಎಕರೆ! ಬಿಳಿಯರ ಆಳ್ವಿಕೆ ಮುಗಿದು ದೇಶ ಸ್ವತಂತ್ರವಾದದ್ದು 1980ರ ಏಪ್ರಿಲ್ 18ರಂದು. ಮರುವರ್ಷವೇ ಗುಡ್ಡದ ಮೇಲೆ ಕೆಲಸ ಶುರು. ಕಟ್ಟಿಕೊಟ್ಟವರು ಉತ್ತರ ಕೊರಿಯಾದವರು. ಕಪ್ಪು ಗ್ರಾನೈಟ್ ಗೋರಿಗಳು, 40 ಮೀಟರ್ ಎತ್ತರದ ಗೋಪುರ, ಅದರ ತುದಿಯಲ್ಲಿ ಜ್ಯೋತಿ, ಅಜ್ಞಾತ ಯೋಧನ ಸಮಾಧಿಯ ಮೇಲೆ ಮೂವರು ಹೋರಾಟಗಾರರ ಕಂಚಿನ ಪ್ರತಿಮೆ. ಮೂವರಲ್ಲಿ ಒಬ್ಬಳು ಹೆಣ್ಣುಮಗಳು. ಮೇಲಿನಿಂದ ನೋಡಿದರೆ ಇಡೀ ಜಾಗ ಬೆನ್ನಿಗೆ ಬೆನ್ನು ಕೊಟ್ಟ ಎರಡು ಎಕೆ-47 ಬಂದೂಕುಗಳಂತೆ ಕಾಣುತ್ತದೆ. ಗೋರಿಗಳ ಸಾಲುಗಳೇ ಗುಂಡು ತುಂಬುವ ಮ್ಯಾಗಜಿನ್!

ಸ್ಮಾರಕ ಬೇಡ ಎನ್ನುವವನಲ್ಲ ನಾನು. ಹರ್ಬರ್ಟ್ ಚಿಟೆಪೊ ಅಲ್ಲಿ ಮಲಗಿದ್ದಾರೆ. 1975ರಲ್ಲಿ ಲುಸಾಕಾದಲ್ಲಿ ಅವರ ಕಾರಿಗೆ ಬಾಂಬ್ ಇಟ್ಟು ಕೊಂದರು. ಜೇಸನ್ ಮೋಯೊ ಅಲ್ಲಿದ್ದಾರೆ. 1977ರಲ್ಲಿ ಅದೇ ಊರಿನಲ್ಲಿ ಅಂಚೆಯಲ್ಲಿ ಬಂದ ಪೊಟ್ಟಣ ಸಿಡಿದು ಸತ್ತರು. ಒಬ್ಬರು ಜಾನು ಪಕ್ಷದವರು, ಇನ್ನೊಬ್ಬರು ಜಾಪು ಪಕ್ಷದವರು. ಬಿಳಿಯರ ವಿರುದ್ಧ ಹೋರಾಡಿದ್ದು ಎರಡೂ ಪಕ್ಷದ ಪಡೆಗಳು. ಇಂಥವರಿಗೆ ಗ್ರಾನೈಟ್ ಯಾಕೆ, ಚಿನ್ನ ಹೊದಿಸಿದರೂ ಕಡಿಮೆಯೇ.

ನನ್ನ ತಕರಾರು ಪಟ್ಟಿಯದು. ನಾನು ಪ್ರೆಸ್ಸಿನವನು. ಊರಹಬ್ಬದ ಆಹ್ವಾನಪತ್ರಿಕೆಯಲ್ಲಿ ಒಂದು ಹೆಸರು ಇಲ್ಲದಿದ್ದರೆ ರಾತ್ರಿ ಹನ್ನೊಂದಕ್ಕೆ ಬಂದು ಶಟರ್ ತಟ್ಟುತ್ತಾರೆ. 'ನಮ್ಮಣ್ಣನ ಹೆಸರು ಯಾಕ್ರೀ ಬಿಟ್ರಿ?' ಸ್ವಾಮಿ, ಬಿಡುವವನು ನಾನಲ್ಲ, ಪಟ್ಟಿ ಬರೆದುಕೊಟ್ಟ ಪುಣ್ಯಾತ್ಮ! ಪ್ರೂಫ್ ಮೇಲೆ ಕೆಂಪು ಪೆನ್ನಿನ ಒಂದು ಗೀಟು ಸಾಕು, ಮನುಷ್ಯ ಇದ್ದಾನೆ ಅಥವಾ ಇಲ್ಲ. ನಮ್ಮ ಹುಡುಗರು ಪ್ರತಿಮೆ ಬೇಕು, ಸಮಾಧಿ ಬೇಕು ಎಂದು ಬೀದಿಗಿಳಿಯುತ್ತಾರೆ. ಇಳಿಯಲಿ. ಕಟ್ಟಿದ ಮೇಲೆ ಬೀಗದ ಕೈ ಯಾರ ಸೊಂಟದಲ್ಲಿ ಎಂದು ಕೇಳುವವರು ಮಾತ್ರ ಕಡಿಮೆ. ಅದಕ್ಕೇ ಹರಾರೆಯ ಕಥೆ ಹೇಳುತ್ತಿದ್ದೇನೆ.

ಲುಕೌಟ್ ಮಸುಕು ಎಂಬೊಬ್ಬರಿದ್ದರು. ಜಾಪು ಪಕ್ಷದ ಜಿಪ್ರಾ ಪಡೆಯ ದಂಡನಾಯಕ. ಸ್ವಾತಂತ್ರ್ಯ ಬಂದ ಎರಡೇ ವರ್ಷಕ್ಕೆ, 1982ರಲ್ಲಿ, ಅವರನ್ನೂ ಜೊತೆಗಾರ ಡುಮಿಸೊ ಡಬೆಂಗ್ವಾರನ್ನೂ ಮುಗಾಬೆ ಸರ್ಕಾರ ರಾಜದ್ರೋಹದ ಆರೋಪ ಹೊರಿಸಿ ಹಿಡಿಯಿತು. 1983ರಲ್ಲಿ ನ್ಯಾಯಾಲಯ ಖುಲಾಸೆ ಮಾಡಿತು. ಬಿಟ್ಟರೇ? ಇಲ್ಲ! ತುರ್ತು ಪರಿಸ್ಥಿತಿಯ ಕಾನೂನು ತೋರಿಸಿ ಮತ್ತೆ ಒಳಗೆ ಹಾಕಿದರು. ಮಸುಕು ಹೊರಗೆ ಬಂದದ್ದು 1986ರ ಮಾರ್ಚಿನಲ್ಲಿ, ಸಾಯುವ ಸ್ಥಿತಿಯಲ್ಲಿ. ಏಪ್ರಿಲ್ 5ಕ್ಕೆ ತೀರಿಕೊಂಡರು. ಆ 57 ಎಕರೆಯಲ್ಲಿ ಈ ದಂಡನಾಯಕನಿಗೆ ಆರಡಿ ಮೂರಡಿ ಸಿಗಲಿಲ್ಲ. ಬುಲವಾಯೊದ ಊರ ಸ್ಮಶಾನದಲ್ಲಿ ಜನರೇ ಮಣ್ಣು ಮಾಡಿದರು.

ಅವರು ಜೈಲಿನಲ್ಲಿದ್ದಾಗ ಹೊರಗೆ ಏನಾಗುತ್ತಿತ್ತು ಗೊತ್ತೇ? ಸ್ಮಾರಕ ಕಟ್ಟಿದ ಉತ್ತರ ಕೊರಿಯಾವೇ 1981ರಲ್ಲಿ 106 ತರಬೇತುದಾರರನ್ನೂ ಕಳಿಸಿತ್ತು. ಅವರು ತಯಾರು ಮಾಡಿದ್ದು ಐದನೇ ಬ್ರಿಗೇಡ್ ಎಂಬ ಸೈನ್ಯ. 1983ರ ಜನವರಿಯಲ್ಲಿ ಅದು ಮಟಬೆಲೆಲ್ಯಾಂಡಿಗೆ ನುಗ್ಗಿತು. ಜಾಪು ಪಕ್ಷದ ನೆಲ, ಎನ್‌ಡೆಬೆಲೆ ಭಾಷೆಯಾಡುವ ಜನ. ಸೈನಿಕರದು ಹೆಚ್ಚಾಗಿ ಶೋನಾ ಭಾಷೆ. ಹಳ್ಳಿಯವರನ್ನು ಒಟ್ಟುಗೂಡಿಸಿ, ಹೊಡೆಯುತ್ತಾ, ಆಳುವ ಪಕ್ಷವನ್ನು ಹೊಗಳುವ ಹಾಡುಗಳನ್ನು ಶೋನಾದಲ್ಲಿ ಹಾಡಿಸಿದರು. ನಮ್ಮವರ ಹೆಣದ ಮುಂದೆ ನಿಲ್ಲಿಸಿ ಬೇರೆ ನುಡಿಯಲ್ಲಿ ಹಾಡು ಎಂದರೆ ಹೇಗಿರುತ್ತದೆ? ಈ ಕಾರ್ಯಾಚರಣೆಗೆ ಇಟ್ಟ ಹೆಸರು 'ಗುಕುರಾಹುಂಡಿ'. ಹೊಟ್ಟನ್ನೆಲ್ಲ ಕೊಚ್ಚಿಕೊಂಡು ಹೋಗುವ ಮೊದಲ ಮಳೆ ಎಂದು ಶೋನಾದಲ್ಲಿ ಅದರ ಅರ್ಥ. ಎನ್‌ಡೆಬೆಲೆ ಜನ ಹೊಟ್ಟು! 1987ರವರೆಗೆ ಸತ್ತವರು ಸುಮಾರು 20,000 ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. 2013ರ ಸಂವಿಧಾನ 16 ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಿದೆ, ಎನ್‌ಡೆಬೆಲೆಯೂ ಅದರಲ್ಲಿದೆ. ಕಾಗದದ ಮಾತು ಕಾಗದಕ್ಕಿರಲಿ.

ಜಾಪು ನಾಯಕ ಜೋಶುವಾ ಎನ್‌ಕೋಮೊ 1983ರಲ್ಲಿ ಜೀವ ಉಳಿಸಿಕೊಳ್ಳಲು ದೇಶ ಬಿಟ್ಟು ಓಡಬೇಕಾಯಿತು. 1987ರ ಡಿಸೆಂಬರಿನಲ್ಲಿ ತಮ್ಮ ಪಕ್ಷವನ್ನು ಮುಗಾಬೆ ಪಕ್ಷದೊಳಗೆ ವಿಲೀನ ಮಾಡಿದರು, ಮುಂದೆ ಉಪಾಧ್ಯಕ್ಷರಾದರು, 1999ರಲ್ಲಿ ತೀರಿಕೊಂಡಾಗ ಸಕಲ ಗೌರವದೊಂದಿಗೆ ಹೀರೋಸ್ ಏಕರ್ ಸೇರಿದರು. ದೊಡ್ಡ ಮನುಷ್ಯ, ಆ ಜಾಗ ಅವರಿಗೆ ಸಲ್ಲಬೇಕಾದದ್ದೇ. ಆದರೆ ವಿಲೀನವಾಗದೆ ಸತ್ತಿದ್ದರೆ ಆ ಗೇಟು ತೆರೆಯುತ್ತಿತ್ತೇ?

2019ರಲ್ಲಿ ಎರಡು ಸಾವುಗಳಾದವು. ಮೇ ತಿಂಗಳಲ್ಲಿ ಡಬೆಂಗ್ವಾ ಹೋದರು. ಈ ಸಲ ಸರ್ಕಾರವೇ ರಾಷ್ಟ್ರವೀರ ಎಂದು ಘೋಷಿಸಿತು, ಬನ್ನಿ ಎಂದಿತು. ಅವರ ಹೆಣ ಹರಾರೆಯ ಗುಡ್ಡ ಹತ್ತಲೇ ಇಲ್ಲ, ಸ್ವಂತ ಊರಿನ ಮಣ್ಣಿಗೆ ಹೋಯಿತು. ಸೆಪ್ಟೆಂಬರಿನಲ್ಲಿ ಮುಗಾಬೆಯೇ ಹೋದರು. 37 ವರ್ಷ ಆಳಿ, 2017ರಲ್ಲಿ ತನ್ನದೇ ಸೈನ್ಯ ಮತ್ತು ಪಕ್ಷದ ಕೈಯಲ್ಲಿ ಕೆಳಗಿಳಿದವರು. ಸರ್ಕಾರ ಅದೇ ಗುಡ್ಡದ ಮೇಲೆ ಅವರಿಗಾಗಿ ಭವ್ಯ ಸಮಾಧಿ ಕಟ್ಟಲು ಹೊರಟಿತ್ತು. ಕುಟುಂಬದವರು ಬೇಡವೆಂದು ಹೆಣವನ್ನು ಕುಟಾಮದ ಮನೆಗೆ ಒಯ್ದು ಅಂಗಳದಲ್ಲೇ ಹೂಳಿದರು. ಯಾರು ವೀರ, ಯಾರು ಅಲ್ಲ ಎಂಬ ಮಾತು ವರ್ಷಗಟ್ಟಲೆ ಯಾರ ಪಕ್ಷದ ಕೈಯಲ್ಲಿತ್ತೋ, ಅವರಿಗೇ ಆ ಜಾಗ ಒಗ್ಗಲಿಲ್ಲ!

ಮಟಬೆಲೆಲ್ಯಾಂಡಿನ ಭಲಾಗ್ವೆಯಲ್ಲಿ 1984ರಲ್ಲಿ ಐದನೇ ಬ್ರಿಗೇಡಿನ ಸೆರೆಶಿಬಿರವಿತ್ತು. ಅಲ್ಲಿ ಸತ್ತವರಿಗೆ ಗೋಪುರವಿಲ್ಲ, ಜ್ಯೋತಿಯಿಲ್ಲ. ಊರಿನ ಕಾರ್ಯಕರ್ತರು 2021ರಲ್ಲಿ ತಾವೇ ಒಂದು ಸ್ಮಾರಕ ಫಲಕ ನೆಟ್ಟರು. ಯಾರೋ ಕಿತ್ತೊಯ್ದರು. ಮತ್ತೊಂದು ನೆಟ್ಟರು. 2022ರ ಜನವರಿಯಲ್ಲಿ ಅದನ್ನು ಸಿಡಿಮದ್ದು ಇಟ್ಟು ಒಡೆದರು.